ಮರಗೆಲಸ, ವಿನ್ಯಾಸ, ವಾಸ್ತುಶಿಲ್ಪ: ನಮ್ಮ ಐಚ್ಛಿಕ ತರಗತಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನಮ್ಮ ಶಾಲೆಯಲ್ಲಿ ಎಂಟನೇ ತರಗತಿಯಿಂದ ಈ ಮೂರು ಐಚ್ಛಿಕ ವಿಷಯಗಳನ್ನು ಕಲಿಸುತ್ತೇವೆ. ಪ್ರವೇಶದ ಹೊತ್ತಿನಲ್ಲಿ, ಪಾಲಕರ ಸಭೆಯಲ್ಲಿ, ಗೇಟಿನ ಬಳಿ ನಿಂತಾಗ ಪಾಲಕರು ಮತ್ತು ಮಕ್ಕಳು ಕೇಳುವ ಪ್ರಶ್ನೆಗಳಿಗೆ ಕಾರ್ಯಾಗಾರ ನೋಡಿಕೊಳ್ಳುವ ಶಿಕ್ಷಕನಾಗಿ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು. ಕೆಲವನ್ನು ಬಿಡಿಸಿ ಹೇಳಲೇಬೇಕು.

ಮೂರೂ ವಿಷಯಗಳಲ್ಲಿ ಏನೇನು ಕಲಿಸುತ್ತೀರಿ?

ಎಂಟನೇ ತರಗತಿಯಲ್ಲಿ ಮರಗೆಲಸ: ಅಳೆಯುವುದು, ಗುರುತು ಹಾಕುವುದು, ಕೊಯ್ಯುವುದು, ರಂದಾ ಹೊಡೆಯುವುದು, ಉಳಿಯಿಂದ ತೂತು ತೆಗೆಯುವುದು, ಎರಡು ಕಟ್ಟಿಗೆಗಳನ್ನು ಮೊಳೆಯಿಲ್ಲದೆ ಕೂಡಿಸುವುದು. ಒಂಬತ್ತರಲ್ಲಿ ವಿನ್ಯಾಸ: ಒಬ್ಬ ಮನುಷ್ಯನ ಒಂದು ತೊಂದರೆ ತೆಗೆದುಕೊಂಡು ಅದಕ್ಕೆ ತಕ್ಕ ವಸ್ತುವನ್ನು ಯೋಚಿಸಿ, ಬರೆದು, ಮಾಡಿ, ಆ ಮನುಷ್ಯನ ಕೈಗೆ ಕೊಟ್ಟು ನೋಡುವುದು. ಒಂಬತ್ತರ ಕೊನೆಯಿಂದ ಹತ್ತನೇ ತರಗತಿಯ ದಸರಾವರೆಗೆ ವಾಸ್ತುಶಿಲ್ಪ: ಮನೆ, ಓಣಿ, ಕೋಟೆ, ಬಿಸಿಲು, ಗಾಳಿ, ನಕ್ಷೆ, ಮಾದರಿ. ದಸರಾ ಮುಗಿದ ಮೇಲೆ ಹತ್ತನೆಯವರಿಗೆ ಈ ತರಗತಿ ಇಲ್ಲ, ಆ ಸಮಯ ಪರೀಕ್ಷೆಗೆ.

ಮರಗೆಲಸ ಮಾಡದೆ ನೇರವಾಗಿ ವಾಸ್ತುಶಿಲ್ಪಕ್ಕೆ ಬರುತ್ತೇವೆ ಎಂದರೆ ನಾವು ಒಪ್ಪುವುದಿಲ್ಲ. ಒಂದು ಡಬ್ಬಿಯ ನಾಲ್ಕು ಮೂಲೆ ಕೂಡಿಸಲು ಪರದಾಡಿದ ಮಗುವಿಗೆ ಗೋಡೆ ಗೋಡೆಯನ್ನು ಸೇರುವ ಜಾಗ ಏಕೆ ಮುಖ್ಯ ಎಂದು ಮತ್ತೆ ಹೇಳಿಕೊಡಬೇಕಿಲ್ಲ.

ಎಸೆಸೆಲ್ಸಿ ಮಾರ್ಕ್ಸಿಗೆ ಇದರಿಂದ ಏನು ಉಪಯೋಗ?

ಎಸೆಸೆಲ್ಸಿಯ 625 ಅಂಕಗಳಲ್ಲಿ ಈ ತರಗತಿಯ ಒಂದು ಅಂಕವೂ ಸೇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನಮ್ಮ ಕರ್ತವ್ಯ.

ಆದರೆ ಗಣಿತದ ಮಟ್ಟಿಗೆ ಇದರ ಫಲ ನಾನು ತರಗತಿಯಲ್ಲೇ ಕಂಡಿದ್ದೇನೆ. ಒಂದು ಚೌಕಟ್ಟು ಕೂಡಿಸಿದ ಮೇಲೆ ಅದು ಮೂಲೆಗೆ ಸರಿ ಇದೆಯೋ ಇಲ್ಲವೋ ತಿಳಿಯಲು ಮಕ್ಕಳು ಟೇಪು ಹಿಡಿದು ಎರಡೂ ಕರ್ಣಗಳನ್ನು ಅಳೆಯುತ್ತಾರೆ. ಎರಡೂ ಒಂದೇ ಇದ್ದರೆ ಚೌಕಟ್ಟು ಸರಿ. ಮೂರು ಮಿಲಿಮೀಟರ್ ವ್ಯತ್ಯಾಸ ಬಂದರೆ ಉದ್ದ ಬಂದ ಕರ್ಣದ ಕಡೆ ಕ್ಲಾಂಪ್ ಹಾಕಿ ಬಿಗಿಯಬೇಕು, ಅಂಟು ಒಣಗುವುದರೊಳಗೆ. ನೆಲದ ಮೇಲೆ ದೊಡ್ಡ ಲಂಬಕೋನ ಹಾಕಬೇಕಾದಾಗ 3-4-5ರ ಲೆಕ್ಕ: ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಮಾಡಿ, ನಡುವೆ ಐದಡಿ ಬಂತೋ ಇಲ್ಲವೋ ನೋಡುವುದು. ಪೈಥಾಗೊರಸ್ ಪ್ರಮೇಯ ಬಾಯಿಪಾಠ ಮಾಡಿಯೂ ಅದನ್ನು ಎಲ್ಲಿ ಬಳಸುವುದೆಂದು ತಿಳಿಯದ ಹುಡುಗರು ಇಲ್ಲಿ ಅದನ್ನು ತಾವಾಗಿ ಬಳಸುತ್ತಾರೆ. ಭಿನ್ನರಾಶಿಯೂ ಹಾಗೆಯೇ. ನಮ್ಮ ಮಿಸ್ತ್ರಿಗಳು ಇಂಚನ್ನು ಎಂಟು ಸೂತ್ ಮಾಡಿ ಅಳೆಯುತ್ತಾರೆ, ಒಂದು ಸೂತ್ ಎಂದರೆ ಹೆಚ್ಚುಕಮ್ಮಿ ಮೂರು ಮಿಲಿಮೀಟರ್. "ಎರಡಿಂಚು ಐದು ಸೂತ್‌ನ ಅರ್ಧ ಎಷ್ಟು?" ಎಂಬ ಪ್ರಶ್ನೆಗೆ ಹಲಗೆ ಕೈಯಲ್ಲಿದ್ದಾಗ ಮಕ್ಕಳು ಕೊಡುವ ಗಮನ ಕಪ್ಪುಹಲಗೆಯ ಮುಂದೆ ಇರುವುದಿಲ್ಲ.

"ನಾವು ಬಡಿಗೇರ್ ಮಂದಿ ಅದೀವ್ರಿ. ಮಗ ಸಾಲಿಗಿ ಹೋಗಿ ಮತ್ತ ರಂದಾನೇ ಹಿಡೀಬೇಕೇನ್ರಿ?"

ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಕೇಳುವವರ ದನಿಯಲ್ಲಿ ನೋವೂ ಇರುತ್ತದೆ. ಅಪ್ಪ ಬಿಸಿಲಿನಲ್ಲಿ ಕೂತು ಬಾಗಿಲು, ಚೌಕಟ್ಟು ಮಾಡಿ ಮಗನ ಫೀ ಕಟ್ಟಿದ್ದಾನೆ. ಮಗ ಬೇರೆ ಏನಾದರೂ ಆಗಲಿ ಎಂಬುದು ಅವನ ಆಸೆ. ಆ ಆಸೆಗೆ ನಾವು ಅಡ್ಡ ಬರುವುದಿಲ್ಲ. ಐಚ್ಛಿಕ ಎಂದರೆ ಐಚ್ಛಿಕವೇ, ಬೇಡವೆಂದರೆ ಬೇರೆ ವಿಷಯ ತೆಗೆದುಕೊಳ್ಳಬಹುದು.

ಆದರೂ ನನ್ನ ಮನಸ್ಸಿನ ಮಾತು ಹೇಳುತ್ತೇನೆ. ನಿಮ್ಮ ಮಗ ಮನೆಯಲ್ಲಿ ನೋಡಿದ್ದರ ಕಾರಣ ಇಲ್ಲಿ ಕಲಿಯುತ್ತಾನೆ. ಹಳೇ ಹಲಗೆ ಬಾಗಿಲಿನಲ್ಲಿ ಚೌಕಟ್ಟಿನ ಗಾಡಿಯೊಳಗೆ (ಉದ್ದಕ್ಕೆ ಕೊರೆದ ಕಾಲುವೆಯೊಳಗೆ) ಕೂರಿಸಿದ ನಡು ಹಲಗೆಗೆ ಅಂಟು ಹಾಕಬಾರದು ಎಂದು ಅಪ್ಪನಿಗೆ ಗೊತ್ತು, ಅಜ್ಜ ಹೇಳಿದ್ದು. ಏಕೆ ಹಾಕಬಾರದು? ಕಟ್ಟಿಗೆ ತೇವ ಹೀರಿದಾಗ ಎಳೆಯ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಹಿಗ್ಗುವುದು ಮಾತ್ರ ಕಣ್ಣಿಗೆ ಕಾಣುವಷ್ಟು. ಮೇ ತಿಂಗಳ ಒಣ ಬಿಸಿಲಿಗೆ ಕುಗ್ಗಿದ ಹಲಗೆ ಶ್ರಾವಣದ ಮಳೆಗೆ ಅಗಲವಾಗುತ್ತದೆ. ಗಾಡಿಯೊಳಗೆ ಸಡಿಲ ಬಿಟ್ಟರೆ ಆಡಿಕೊಂಡು ಇರುತ್ತದೆ, ಅಂಟು ಹಾಕಿ ಬಿಗಿದರೆ ಕುಗ್ಗುವಾಗ ಸೀಳುತ್ತದೆ. ಅಜ್ಜನಿಂದ ಬಂದ ಈ ತಿಳಿವಳಿಕೆ ವಿಜ್ಞಾನವೇ ಎಂದು ಗೊತ್ತಾದ ದಿನ ಆ ಹುಡುಗ ಅಪ್ಪನನ್ನು ನೋಡುವ ರೀತಿ ಬೇರೆಯಾಗುತ್ತದೆ. ಇದಕ್ಕಾಗಿಯೇ ನಾವು ಊರಿನ ಮಿಸ್ತ್ರಿಗಳನ್ನು ತರಗತಿಗೆ ಕರೆಯುತ್ತೇವೆ. ಅವರು ಬಂದ ದಿನ ಅವರೇ ಗುರುಗಳು, ನಾನು ಬೆಂಚಿನ ಈಚೆ ನಿಲ್ಲುತ್ತೇನೆ.

ಕೈಕೆಲಸ ಕೀಳು ಎಂಬ ಭಾವನೆ ಈ ನೆಲದ್ದಲ್ಲ. 12ನೇ ಶತಮಾನದಲ್ಲಿ ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಬಾಚಿ ಹಿಡಿದು ಕಟ್ಟಿಗೆ ಕೆತ್ತುತ್ತಿದ್ದ ಬಾಚಿಕಾಯಕದ ಬಸವಯ್ಯ ವಚನಕಾರರ ಸಾಲಿನಲ್ಲಿದ್ದರು, ಅವರ ಪತ್ನಿ ಕಾಳವ್ವೆಯೂ ವಚನ ಬರೆದರು. ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನೂ ಅವರೊಂದಿಗೆ ಇದ್ದ. ಬೀದರ್‌ನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಉಳಿ, ಸುತ್ತಿಗೆ ಹಿಡಿದ ಕೈಗೇ.

ಇನ್ನೊಂದು ಮಾತು, ಮಗನಿಗಲ್ಲ, ನಿಮಗೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಇದೆ. 18 ವರ್ಷ ತುಂಬಿದವರಿಗೆ ತರಬೇತಿ, 15,000 ರೂಪಾಯಿವರೆಗಿನ ಉಪಕರಣಗಳ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಸಾಲ ಆ ಯೋಜನೆಯಲ್ಲಿ ಸೇರಿವೆ. ಅರ್ಜಿ ತುಂಬಲು ಕಷ್ಟವಾದರೆ ಶಾಲೆಗೆ ಬನ್ನಿ, ಕೂತು ತುಂಬೋಣ.

ಹೆಣ್ಣುಮಕ್ಕಳೂ ಸೇರಬಹುದೇ?

ಸೇರುತ್ತಾರೆ, ಸೇರಬೇಕು. ಗರಗಸ ಎಳೆಯಲು ತೋಳ್ಬಲಕ್ಕಿಂತ ಲಯ ಮುಖ್ಯ. ಬಲ ಹಾಕಿ ಒತ್ತಿದವರ ಗರಗಸವೇ ಸಿಕ್ಕಿಕೊಳ್ಳುವುದು. ದುಪ್ಪಟ್ಟಾ ತೆಗೆದಿಟ್ಟು ಅಥವಾ ಬಿಗಿಯಾಗಿ ಕಟ್ಟಿಕೊಂಡು, ಜಡೆ ಹಿಂದಕ್ಕೆ ಕಟ್ಟಿ, ಬಳೆ ತೆಗೆದು ಬರಬೇಕು. ಗಂಡುಹುಡುಗರೂ ಕಡಗ, ಉಂಗುರ ತೆಗೆಯಬೇಕು, ತೋಳು ಮಡಿಸಬೇಕು.

ಉಳಿ, ಗರಗಸ ಮಕ್ಕಳ ಕೈಗೆ ಕೊಡುವುದು ಅಪಾಯವಲ್ಲವೇ?

ಅಪಾಯ ಇದೆ. ಅದಕ್ಕೇ ಮೊದಲ ಕೆಲವು ವಾರ ಕಟ್ಟಿಗೆ ಕೊಯ್ಯುವುದೇ ಇಲ್ಲ. ಅಳತೆ, ಗುರುತು, ಉಪಕರಣ ಹಿಡಿಯುವ ರೀತಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಉಳಿ ಕೊಡುವ ರೀತಿ, ಇಷ್ಟೇ. ಕರೆಂಟಿನ ಗರಗಸ ಮಕ್ಕಳ ಕೈಗೆ ಯಾವ ತರಗತಿಯಲ್ಲೂ ಕೊಡುವುದಿಲ್ಲ. ದಪ್ಪ ಕಟ್ಟಿಗೆಯನ್ನು ಮೊದಲೇ ಸೀಳಿಸಿ ತರಿಸುತ್ತೇವೆ.

ಪಾಲಕರು ಸಾಮಾನ್ಯವಾಗಿ ಹರಿತವಾದ ಉಳಿಗೆ ಹೆದರುತ್ತಾರೆ. ನಾನು ಹೆದರುವುದು ಮೊಂಡಾದ ಉಳಿಗೆ. ಮೊಂಡು ಉಳಿಯನ್ನು ಮಗು ಮೈಭಾರ ಹಾಕಿ ನೂಕುತ್ತದೆ, ನೂಕಿದ್ದು ಜಾರುತ್ತದೆ, ಜಾರಿದ್ದು ಮುಂದೆ ಇದ್ದ ಎಡಗೈಗೆ ತಾಗುತ್ತದೆ. ಹಾಗಾಗಿ ನಮ್ಮಲ್ಲಿ ಉಳಿಯ ಮೊದಲ ಪಾಠವೇ ಸಾಣೆಕಲ್ಲಿನದು: ಉಳಿಯ ಇಳಿಜಾರನ್ನು ಸುಮಾರು 25 ಡಿಗ್ರಿಗೆ ಹಿಡಿದು, ಕಲ್ಲಿಗೆ ಎಣ್ಣೆ ಬಿಟ್ಟು ತೇಯುವುದು, ಹಿಂಬದಿಯನ್ನು ಚಪ್ಪಟೆಯಾಗಿ ಒಂದೆರಡು ಸಲ ಉಜ್ಜುವುದು, ಹಳೇ ಕಾಗದ ಕೊಯ್ದು ಹರಿತ ನೋಡುವುದು. ಬೆರಳಿನಿಂದ ನೋಡಬಾರದು. ಎರಡನೇ ನಿಯಮ, ಎರಡೂ ಕೈ ಉಳಿಯ ಹರಿತವಾದ ಬಾಯಿಯ ಹಿಂದೆ ಇರಬೇಕು. ನಮ್ಮ ಮಿಸ್ತ್ರಿಗಳು ನೆಲದ ಮೇಲೆ ಕೂತು ಕಾಲಿನಿಂದ ಕಟ್ಟಿಗೆ ಒತ್ತಿಹಿಡಿದು ಕೆಲಸ ಮಾಡುತ್ತಾರೆ. ಅದು ವರ್ಷಗಟ್ಟಲೆ ಪಳಗಿದ ಕೌಶಲ, ಮಕ್ಕಳಿಗೆ ಅದನ್ನು ಮಾಡಗೊಡುವುದಿಲ್ಲ. ಅವರು ಬೆಂಚಿನ ಮುಂದೆ ನಿಂತೇ ಮಾಡಬೇಕು, ಕಟ್ಟಿಗೆ ವೈಸ್‌ನಲ್ಲಿ ಬಿಗಿದಿರಬೇಕು.

ಕಣ್ಣಿಗೆ ಕನ್ನಡಕ, ಉಪ್ಪುಕಾಗದ ಉಜ್ಜುವಾಗ ಮಾಸ್ಕ್ ಕಡ್ಡಾಯ. ದಮ್ಮು, ಅಲರ್ಜಿ ಇರುವ ಮಕ್ಕಳ ಪಾಲಕರು ಮೊದಲೇ ತಿಳಿಸಬೇಕು, ಧೂಳಿನ ಕೆಲಸ ಅವರಿಗೆ ಹೊರಗೆ ಅಂಗಳದಲ್ಲಿ. ಕಾಲಲ್ಲಿ ಚಪ್ಪಲಿ ಇದ್ದರೆ ಒಳಗೆ ಪ್ರವೇಶವಿಲ್ಲ, ಬೂಟು ಬೇಕು.

ಕಟ್ಟಿಗೆ ಎಲ್ಲಿಂದ? ಖರ್ಚು ನಮ್ಮದೇ?

ಕಟ್ಟಿಗೆ ಶಾಲೆಯದು. ಸಾಗವಾನಿ ತುಟ್ಟಿ, ಅದನ್ನು ಕಲಿಯುವವರ ಕೈಗೆ ಕೊಡಲಾಗದು. ಬೇವಿನ ಕಟ್ಟಿಗೆಯಲ್ಲಿ ಶುರು ಮಾಡುತ್ತೇವೆ. ಜಾಲಿ ಗಟ್ಟಿ, ಎಳೆ ತಿರುಚಿಕೊಂಡಿರುತ್ತದೆ, ಅದು ವರ್ಷದ ಕೊನೆಗೆ. ಹಳೇ ಮನೆ ಬಿಚ್ಚಿದಾಗ ಸಿಗುವ ಜಂತಿ, ತೊಲೆ, ಬಾಗಿಲಿನ ತುಂಡುಗಳು ನಮಗೆ ಚಿನ್ನ. ದಶಕಗಟ್ಟಲೆ ಒಣಗಿದ ಕಟ್ಟಿಗೆ ಇನ್ನು ಡೊಂಕಾಗುವುದು ಕಡಿಮೆ. ನಿಮ್ಮ ಓಣಿಯಲ್ಲಿ ಹಳೇ ಮನೆ ಬಿಚ್ಚುತ್ತಿದ್ದರೆ ದಯವಿಟ್ಟು ತಿಳಿಸಿ. ತಂದ ಮೇಲೆ ಅಯಸ್ಕಾಂತ ಆಡಿಸಿ ಒಳಗಿನ ಮೊಳೆ ಹುಡುಕುತ್ತೇವೆ. ಹಳೇ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಬಣ್ಣ ಬಳಿದ ಮುಖವನ್ನು ಮಕ್ಕಳಿಂದ ಉಜ್ಜಿಸುವುದಿಲ್ಲ.

ಮಕ್ಕಳಿಂದ ಶಾಲೆಯ ಬೆಂಚು ರಿಪೇರಿ ಮಾಡಿಸುತ್ತೀರಾ?

ಇಲ್ಲ. ಮಕ್ಕಳು ಮಾಡಿದ್ದು ಮಕ್ಕಳ ಮನೆಗೆ ಹೋಗುತ್ತದೆ. ಮಾರುವುದಿಲ್ಲ, ಶಾಲೆ ಇಟ್ಟುಕೊಳ್ಳುವುದಿಲ್ಲ. ರಿಪೇರಿ ಕೆಲಸ ಕೂಲಿ ಕೊಟ್ಟು ಮಿಸ್ತ್ರಿಯಿಂದ ಮಾಡಿಸುತ್ತೇವೆ.

ವರ್ಷದಲ್ಲಿ ಎಷ್ಟು ವಸ್ತು ಮಾಡುತ್ತಾರೆ?

ಕಡಿಮೆ. ಇದು ಕೆಲವು ಪಾಲಕರಿಗೆ ಬೇಸರ ತರುತ್ತದೆ. ಒಂದು ಮಗು ವರ್ಷದಲ್ಲಿ ಒಂದು ಪೆನ್ನು ಪೆಟ್ಟಿಗೆ, ಒಂದು ಸಣ್ಣ ಸ್ಟೂಲು ಮುಗಿಸಿದರೆ ನನಗೆ ಸಮಾಧಾನ. ಗರಗಸದ ಹಲ್ಲು ತಾನೇ ಒಂದೂವರೆ, ಎರಡು ಮಿಲಿಮೀಟರ್ ಕಟ್ಟಿಗೆ ತಿನ್ನುತ್ತದೆ. ಹಾಗಾಗಿ ಗೆರೆಯ ಮೇಲೆ ಕೊಯ್ದರೆ ತುಂಡು ಗಿಡ್ಡವಾಗುತ್ತದೆ, ಗೆರೆಯ ಹೊರಗೆ, ಬಿಸಾಡುವ ಕಡೆ ಕೊಯ್ಯಬೇಕು. ಇದನ್ನು ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ, ಕೈಗೆ ಬರುವುದು ಮೂರು ನಾಲ್ಕು ತುಂಡು ಕೆಟ್ಟ ಮೇಲೆ. ಆ ಕೆಟ್ಟ ತುಂಡುಗಳನ್ನು ಬಿಸಾಡುವುದಿಲ್ಲ, ಮಗುವಿನ ಹೆಸರು, ತಾರೀಖು ಬರೆದು ಗೋಡೆಗೆ ಸಾಲಾಗಿ ಇಡುತ್ತೇವೆ. ಪಾಲಕರ ಸಭೆಯ ದಿನ ಮೊದಲು ಆ ಸಾಲನ್ನೇ ನೋಡಿ.

ವಿನ್ಯಾಸ ಎಂದರೆ ಚಿತ್ರಕಲೆ ತರಗತಿಯೇ ಅಲ್ಲವೇ? ನನ್ನ ಮಗಳಿಗೆ ಚಿತ್ರ ಬರುವುದಿಲ್ಲ.

ಚಿತ್ರ ಬರಬೇಕಿಲ್ಲ, ಗಮನ ಬೇಕು. ಒಂದು ಉದಾಹರಣೆ ಕೊಡುತ್ತೇನೆ. ಒಂಬತ್ತನೇ ತರಗತಿಯ ಮೊದಲ ಕೆಲಸ: ಮನೆಯಲ್ಲಿ ಮಂಡಿನೋವಿನ ಹಿರಿಯರೊಬ್ಬರಿಗೆ ಕೂರುವ ಮಣೆ. ನಮ್ಮ ಕಡೆ ಅಜ್ಜಿಯರು ಒಲೆ ಮುಂದೆ ಗಿಡ್ಡ ಮಣೆಯ ಮೇಲೆ ಕೂತು ರೊಟ್ಟಿ ಬಡಿದವರು. ಈಗ ಕೂರಲು ಆಗುತ್ತದೆ, ಏಳಲು ಆಗುವುದಿಲ್ಲ. ಎಷ್ಟು ಎತ್ತರ ಮಾಡಬೇಕು? ಕುರ್ಚಿಯ ಎತ್ತರ ಸಾಮಾನ್ಯವಾಗಿ 40ರಿಂದ 45 ಸೆಂಟಿಮೀಟರ್. ಅಷ್ಟು ಎತ್ತರದಿಂದ ಅಜ್ಜಿಯ ಕೈ ರೊಟ್ಟಿ ಬಡಿಯುವ ಕಲ್ಲಿಗೆ ಎಟುಕುವುದಿಲ್ಲ. ಹಾಗಾದರೆ ಅಜ್ಜಿಯ ಮಂಡಿಯ ಹಿಂಭಾಗದಿಂದ ನೆಲದವರೆಗೆ ಅಳೆಯಬೇಕು, ಕೂತಾಗ ಕೈ ಎಲ್ಲಿಗೆ ಬರುತ್ತದೆ ನೋಡಬೇಕು, ಏಳುವಾಗ ಅವರು ಯಾವುದನ್ನು ಹಿಡಿಯುತ್ತಾರೆ ಎಂದು ಸುಮ್ಮನೆ ಒಂದು ಸಂಜೆ ಕೂತು ನೋಡಬೇಕು. ಕೆಲವು ಮನೆಗಳಲ್ಲಿ ಮಣೆ ಎತ್ತರಿಸಬೇಕು. ಕೆಲವು ಮನೆಗಳಲ್ಲಿ ಒಲೆಯನ್ನೇ ಎತ್ತರಿಸಬೇಕು. ಮತ್ತೆ ಕೆಲವು ಮನೆಗಳಲ್ಲಿ ಮಣೆ ಹಾಗೇ ಇರಲಿ, ಪಕ್ಕದ ಗೋಡೆಗೆ ಒಂದು ಹಿಡಿಕೆ ಸಾಕು.

ಕಂಪ್ಯೂಟರ್ ಕೊನೆಗೆ ಬರುತ್ತದೆ. ಮೊದಲು ಕಾಗದ, ಆಮೇಲೆ ರಟ್ಟು, ಆಮೇಲೆ ಕಟ್ಟಿಗೆ.

ವಾಸ್ತುಶಿಲ್ಪ ಎಂದರೆ ಮನೆಯ ವಾಸ್ತು ಹೇಳಿಕೊಡುತ್ತೀರಾ? ಈಶಾನ್ಯ, ಆಗ್ನೇಯ?

ಶುಭ ಅಶುಭದ ಲೆಕ್ಕ ನಮ್ಮ ತರಗತಿಯ ವಿಷಯವಲ್ಲ. ಮನೆಯ ಹಿರಿಯರ ನಂಬಿಕೆಯನ್ನು ನಾವು ಪ್ರಶ್ನಿಸಲೂ ಹೋಗುವುದಿಲ್ಲ. ದಿಕ್ಕು ಮಾತ್ರ ನಮ್ಮ ಪಾಠದ ಮೊದಲ ವಿಷಯ, ಏಕೆಂದರೆ ಕಲಬುರಗಿಯಲ್ಲಿ ಮನೆ ಕಟ್ಟುವುದು ಎಂದರೆ ಬಿಸಿಲಿನೊಂದಿಗೆ ವ್ಯವಹಾರ.

ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟು, ವರ್ಷವಿಡೀ ಅದರ ನೆರಳು ಅಳೆಯುತ್ತೇವೆ. ನಮ್ಮ ಊರು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಆಸುಪಾಸಿನ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ, ಕೋಲಿನ ನೆರಳು 86 ಸೆಂಟಿಮೀಟರ್ ಹತ್ತಿರ ಬರುತ್ತದೆ. ಮೇ ಎರಡನೇ ವಾರದ ಹೊತ್ತಿಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ. ಮೇನಲ್ಲಿ ರಜೆ, ಆಗಸ್ಟಿನಲ್ಲಿ ಮೋಡ ಬಿಟ್ಟುಕೊಟ್ಟರೆ ನೋಡಬಹುದು. ಇಲ್ಲಿ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಅಲ್ಲ, ಹನ್ನೆರಡೂವರೆಯ ಆಸುಪಾಸು. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ.

ಈ ನೆರಳಿನ ಪುಸ್ತಕ ಕೈಯಲ್ಲಿದ್ದರೆ ಮಕ್ಕಳೇ ಹೇಳುತ್ತಾರೆ: ದಕ್ಷಿಣದ ಕಿಟಕಿಗೆ ಒಂದು ಸಜ್ಜಾ ಸಾಕು, ಪಶ್ಚಿಮದ ಕಿಟಕಿಗೆ ಎಷ್ಟು ದೊಡ್ಡ ಸಜ್ಜಾ ಹಾಕಿದರೂ ಸಂಜೆ ನಾಲ್ಕರ ಬಿಸಿಲು ಕೆಳಗಿನಿಂದ ನುಗ್ಗುತ್ತದೆ. ಅಲ್ಲಿ ಬೇಕಾದದ್ದು ಗಿಡ, ಚಿಕ್ಕ ಕಿಟಕಿ, ಇಲ್ಲವೇ ಉಗ್ರಾಣದ ಕೋಣೆ. ದಪ್ಪ ಕಲ್ಲಿನ ಗೋಡೆ, ಶಹಾಬಾದ್ ಕಲ್ಲಿನ ನೆಲ, ಮಣ್ಣಿನ ಮಾಳಿಗೆ ಇದ್ದ ಹಳೇ ಮನೆ ಮಧ್ಯಾಹ್ನ ತಂಪಾಗಿರುತ್ತಿದ್ದುದು ಏಕೆ, ಅದೇ ಬಿಸಿ ರಾತ್ರಿ ನಿಧಾನ ಹೊರಬರುವಾಗ ಎಲ್ಲರೂ ಅಂಗಳದಲ್ಲಿ ಮಲಗುತ್ತಿದ್ದುದು ಏಕೆ ಎಂದು ಅಜ್ಜ ಅಜ್ಜಿಯನ್ನು ಕೇಳಿ ಬರೆದು ತರುತ್ತಾರೆ. ಇಂದಿನ ಸ್ಲ್ಯಾಬ್ ಮನೆಗೆ ಮಾಳಿಗೆಯ ಮೇಲೆ ಸುಣ್ಣ ಬಳಿದರೆ ಒಳಗೆ ಎಷ್ಟು ವ್ಯತ್ಯಾಸ ಎಂದು ಥರ್ಮಾಮೀಟರ್ ಹಿಡಿದು ನೋಡುವುದು ನಮ್ಮ ಬೇಸಿಗೆ ರಜೆಯ ಮನೆಗೆಲಸ.

ಪ್ರವಾಸ ಇದೆಯೇ?

ಎರಡು. ಒಂದು ಊರಲ್ಲೇ, ಕೋಟೆಯೊಳಗಿನ ಜಾಮಿ ಮಸೀದಿ. 1367ರಲ್ಲಿ, ಬಹಮನಿ ದೊರೆ ಒಂದನೇ ಮುಹಮ್ಮದ್ ಶಾಹನ ಕಾಲದಲ್ಲಿ ಕಟ್ಟಿದ್ದು. ನಡುವೆ ಬಯಲು ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಹೊದಿಕೆ. ಹಾಗಾದರೆ ಒಳಗೆ ಬೆಳಕು ಎಲ್ಲಿಂದ? ಮಕ್ಕಳನ್ನು ಒಳಗೆ ಸುಮ್ಮನೆ ಕೂರಿಸಿ ಇದೊಂದೇ ಪ್ರಶ್ನೆ ಕೇಳುತ್ತೇನೆ. ಅಂಚಿನ ಕಮಾನುಗಳು ಗಿಡ್ಡ ಕಂಬದ ಮೇಲೆ ಅಗಲವಾಗಿ ಹರಡಿಕೊಂಡಿವೆ, ಬೆಳಕು ಅಲ್ಲಿಂದ ಬರುತ್ತದೆ. ನಂತರ ಹೆಜ್ಜೆಯಿಂದ ಅಳೆದು ನಕ್ಷೆ ಬರೆಯುತ್ತಾರೆ.

ಇನ್ನೊಂದು ಬೀದರ್. 1472ರ ಮಹಮೂದ್ ಗವಾನ್ ಮದರಸಾದ ಒಂದು ಭಾಗ 17ನೇ ಶತಮಾನದ ಕೊನೆಯ ಸ್ಫೋಟದಲ್ಲಿ ಬಿದ್ದುಹೋಗಿದೆ. ಬಿದ್ದದ್ದು ದೊಡ್ಡ ನಷ್ಟ, ಆದರೆ ಕಟ್ಟಡದ ಛೇದನೋಟ (ನಡುವೆ ಕೊಯ್ದಂತೆ ಕಾಣುವ ನೋಟ) ಎಂದರೇನು ಎಂದು ತಿಳಿಸಲು ಅದಕ್ಕಿಂತ ಒಳ್ಳೆಯ ಜಾಗ ಈ ಭಾಗದಲ್ಲಿಲ್ಲ: ಮೂರು ಅಂತಸ್ತು, ಗೋಡೆಯ ದಪ್ಪ, ಕಮಾನಿನ ಹೊಟ್ಟೆ ಎಲ್ಲ ಎದುರಿಗೇ ಕಾಣುತ್ತದೆ. ಬೀದರ್ ಕೋಟೆಯ ರಂಗೀನ್ ಮಹಲ್‌ನಲ್ಲಿ ಕೆತ್ತನೆಯ ಕಟ್ಟಿಗೆ ಕಂಬಗಳಿವೆ, ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವಿದೆ. ಅದಕ್ಕೆ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಮೊದಲೇ ಕೇಳಿಕೊಂಡು ಹೋಗುತ್ತೇವೆ. ಕಂಬದ ತಲೆಯ ಬೋದಿಗೆ ತೊಲೆಯನ್ನು ಹೊರುವ ರೀತಿಯನ್ನು ಒಂದು ವರ್ಷ ಉಳಿ ಹಿಡಿದ ಮಕ್ಕಳು ನೋಡುವ ಬಗೆಯೇ ಬೇರೆ, ಅವರು ಕೆತ್ತನೆಗಿಂತ ಮೊದಲು ಕಟ್ಟಿಗೆ ಕೂಡಿಸಿದ ಜಾಗ ಹುಡುಕುತ್ತಾರೆ.

ಮುಂದೆ ಆರ್ಕಿಟೆಕ್ಟ್ ಆಗಬೇಕೆಂದರೆ ಪಿಯುಸಿಯಲ್ಲಿ ಏನು ತೆಗೆದುಕೊಳ್ಳಬೇಕು?

ಗಣಿತ ಮತ್ತು ಭೌತಶಾಸ್ತ್ರ ಇರಲೇಬೇಕು. ಇದನ್ನು ಹತ್ತನೇ ತರಗತಿ ಮುಗಿಯುವ ಮೊದಲೇ ತಿಳಿದಿರಿ, ಪಿಯುಸಿ ಮುಗಿದ ಮೇಲೆ ತಿಳಿದರೆ ದಾರಿ ಮುಚ್ಚಿರುತ್ತದೆ. ವಾಸ್ತುಶಿಲ್ಪದ ಪದವಿ ಬಿ.ಆರ್ಕ್ ಐದು ವರ್ಷದ ಕೋರ್ಸು. ಅದಕ್ಕೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವ ನಾಟಾ ಪರೀಕ್ಷೆ ಇಲ್ಲವೇ ಜೆಇಇ ಮೇನ್‌ನ ಬಿ.ಆರ್ಕ್ ಪತ್ರಿಕೆ ಬರೆಯಬೇಕು. ನಾಟಾದಲ್ಲಿ 2024ರಿಂದ 200ಕ್ಕೆ 80 ಅಂಕ ಕೈಯಿಂದ ಬರೆಯುವ, ಜೋಡಿಸುವ ಭಾಗಕ್ಕೆ. ಕೊಟ್ಟ ವಸ್ತುಗಳಿಂದ ಮೂರು ಆಯಾಮದ ಆಕೃತಿ ಕಟ್ಟುವ ಪ್ರಶ್ನೆಯೂ ಅದರಲ್ಲಿದೆ. ರಟ್ಟು, ಕಟ್ಟಿಗೆ ಹಿಡಿದು ಬೆಳೆದ ಮಕ್ಕಳಿಗೆ ಅಲ್ಲಿ ಕೈ ನಡುಗುವುದಿಲ್ಲ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಲ್ಲೇ ಬಿ.ಆರ್ಕ್ ಇದೆ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಇಲ್ಲಿನವರಿಗೆ ಶೇ 70, ರಾಜ್ಯದ ಉಳಿದೆಡೆ ಶೇ 8ರ ಮೀಸಲಾತಿ ಇದೆ. ಅದರ ಅರ್ಹತಾ ಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಮೊದಲೇ ಮಾಡಿಸಿ ಇಟ್ಟುಕೊಳ್ಳಿ, ಕೊನೆ ಗಳಿಗೆಯಲ್ಲಿ ಓಡಾಡಬೇಡಿ.

ಕಲೆ, ವಾಣಿಜ್ಯ ತೆಗೆದುಕೊಂಡವರಿಗೆ ನಾಲ್ಕು ವರ್ಷದ ವಿನ್ಯಾಸದ ಪದವಿ, ಬಿ.ಡಿಸೈನ್ ಇದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಡ್ಯಾಟ್, ಐಐಟಿ ಬಾಂಬೆ ನಡೆಸುವ ಯುಸೀಡ್ ಎರಡೂ ಪ್ರವೇಶ ಪರೀಕ್ಷೆಗಳನ್ನು ಯಾವ ವಿಭಾಗದವರಾದರೂ ಬರೆಯಬಹುದು.

ಪಿಯುಸಿ ಬೇಡ, ಬೇಗ ಕೆಲಸಕ್ಕೆ ಸೇರಬೇಕು ಎಂದರೆ?

ಐಟಿಐನಲ್ಲಿ ಕಾರ್ಪೆಂಟರ್ ಟ್ರೇಡ್ ಒಂದು ವರ್ಷ, ಡ್ರಾಫ್ಟ್ಸ್‌ಮನ್ ಸಿವಿಲ್ (ಕಟ್ಟಡದ ನಕ್ಷೆ ಬರೆಯುವ ಕೆಲಸ) ಎರಡು ವರ್ಷ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮೂರು ವರ್ಷ. ನಕ್ಷೆ ಓದಲು ಬರುವ ಬಡಗಿಗೂ, ಕಟ್ಟಿಗೆ ಕೊಯ್ದು ಗೊತ್ತಿರುವ ಡ್ರಾಫ್ಟ್ಸ್‌ಮನ್‌ಗೂ ಕೆಲಸದ ಜಾಗದಲ್ಲಿ ಮಾತಿಗೆ ಬೆಲೆ ಹೆಚ್ಚು.

ಕನ್ನಡ ಮಾಧ್ಯಮದ ಮಕ್ಕಳಿಗೆ ಕಷ್ಟವಾಗುತ್ತದೆಯೇ?

ಇಲ್ಲ. ಪಾಠ ಕನ್ನಡದಲ್ಲೇ. ಮನೆಯಲ್ಲಿ ಉರ್ದು, ಮರಾಠಿ, ತೆಲುಗು ಮಾತಾಡುವ ಮಕ್ಕಳೂ ಇದ್ದಾರೆ. ಉಪಕರಣದ ಹೆಸರು ಯಾವ ಭಾಷೆಯಲ್ಲಿ ಹೇಳಿದರೂ ನಡೆಯುತ್ತದೆ.

ಮೊದಲ ದಿನ ಏನು ತರಬೇಕು?

ಬೂಟು, ಗೆರೆಯಿಲ್ಲದ ನೋಟ್‌ಬುಕ್, ಎಚ್‌ಬಿ ಪೆನ್ಸಿಲ್, ಸ್ಟೀಲ್ ಪಟ್ಟಿ, ಪಾಲಕರ ಸಹಿ ಇರುವ ಒಪ್ಪಿಗೆ ಪತ್ರ. ಪ್ಲಾಸ್ಟಿಕ್ ಪಟ್ಟಿ ಬೇಡ, ಅದರ ಅಂಚು ಬೇಗ ಸವೆಯುತ್ತದೆ. ಉಳಿ, ಗರಗಸ ಮನೆಯಿಂದ ತರಬಾರದು. ಉಪಕರಣ ಶಾಲೆಯಲ್ಲೇ ಇವೆ, ತರಗತಿ ಮುಗಿದ ಮೇಲೆ ಎಣಿಸಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ.